ಊರಿನ ಸರ್ಕಾರಿ ಹೈಸ್ಕೂಲಿಗೆ ಕಂಪ್ಯೂಟರ್ ಕೊಡಿಸಬೇಕು ಅಂತಿದ್ದೇವೆ. ಕಲಿಸೋದು ಯಾರು, ಏನನ್ನ?

ಹೊಸದುರ್ಗದವನು

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸದುರ್ಗ ತಾಲೂಕಿನ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಶಾಲೆಗೆ ಏನಾದರೂ ಮಾಡೋಣ ಅಂತ ಮಾತು ಬಂತು. ಒಬ್ಬರು ಕಾಂಪೌಂಡ್ ಅಂದರು, ಒಬ್ಬರು ಸುಣ್ಣ ಬಣ್ಣ ಅಂದರು. ಕೊನೆಗೆ ಕಂಪ್ಯೂಟರ್ ಲ್ಯಾಬ್ ಅಂತ ತೀರ್ಮಾನ ಆಯಿತು. ಹತ್ತು ಹೊಸ ಡೆಸ್ಕ್‌ಟಾಪ್, ಒಂದು ಪ್ರೊಜೆಕ್ಟರ್, ಒಂದು ದೊಡ್ಡ ಯುಪಿಎಸ್. ಎಲ್ಲಾ ಸೇರಿ ನಾಲ್ಕು ಲಕ್ಷದ ಆಸುಪಾಸು.

ಊರಿಗೆ ಹೋದಾಗ ಹೆಡ್‌ಮಾಸ್ಟರನ್ನು ಕಂಡು ಮಾತಾಡಿದೆ. ಅವರು ಬೇಡ ಅನ್ನಲಿಲ್ಲ. ಸುಮ್ನೆ ಎದ್ದು ಬೀಗದ ಕೈ ತಗೊಂಡು ಒಂದು ಕೋಣೆ ತೋರಿಸಿದರು. ಒಳಗೆ ಹಳೆಯ ಯೋಜನೆಯೊಂದರಲ್ಲಿ ಬಂದ ಕಂಪ್ಯೂಟರ್‌ಗಳು ಸಾಲಾಗಿ ಕೂತಿವೆ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಯುಪಿಎಸ್ ಬ್ಯಾಟರಿ ಉಬ್ಬಿಕೊಂಡಿದೆ. "ಕಲಿಸೋಕೆ ಒಬ್ಬ ಹುಡುಗ ಬರ್ತಿದ್ದ, ಅವನ ಕಾಂಟ್ರಾಕ್ಟ್ ಮುಗೀತು. ಆವಾಗಿಂದ ಹೀಗೇ" ಅಂದರು. ಆ ಮಾತು ಕೇಳಿದ ಮೇಲೆ ನನಗೆ ಹಣ ಕಳಿಸಲು ಕೈ ಬರ್ತಿಲ್ಲ.

ಇತ್ತ ನೋಡಿದರೆ ನಮ್ಮ ಅಪಾರ್ಟ್‌ಮೆಂಟಿನ ಆರನೇ ಕ್ಲಾಸಿನ ಮಕ್ಕಳು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೀತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಮಾಧ್ಯಮಿಕ ಹಂತದಿಂದಲೇ (6ರಿಂದ 8ನೇ ಕ್ಲಾಸು) ಕೋಡಿಂಗ್ ಚಟುವಟಿಕೆ ಬರಲಿ ಅಂತಿದೆ. 2023-24ರ ಯುಡೈಸ್ (ಕೇಂದ್ರ ಸರ್ಕಾರದ ಶಾಲಾ ಅಂಕಿಅಂಶ) ಲೆಕ್ಕ ನೋಡಿದೆ: ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಇರುವುದು 57.2% ಕಡೆ, ಇಂಟರ್ನೆಟ್ 53.9% ಕಡೆ. ನಮ್ಮೂರ ಶಾಲೆ ಆ ಲೆಕ್ಕದಲ್ಲಿ ಎಲ್ಲಿ ಬರುತ್ತೋ ದೇವರಿಗೇ ಗೊತ್ತು.

ನನ್ನ ಪ್ರಶ್ನೆ ಇಷ್ಟು. ಕನ್ನಡ ಮಾಧ್ಯಮದ ಎಂಟು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಏನು ಕಲಿಸಬಹುದು? ಟೈಪಿಂಗ್, ಪೇಂಟ್, ಎಕ್ಸೆಲ್ ಬಿಟ್ಟು ನಿಜವಾದ ಕಂಪ್ಯೂಟರ್ ವಿಜ್ಞಾನ ಸಾಧ್ಯವಾ? ಯಾರು ಕಲಿಸ್ತಾರೆ? ಮಾಡಿ ನೋಡಿದವರು ಹೇಳಿದರೆ ಉಪಕಾರ.

ಕುಷ್ಟಗಿ ಗಣಿತ ಮೇಷ್ಟ್ರು

ಸರ್, ಹತ್ತು ಹೊಸ ಡೆಸ್ಕ್‌ಟಾಪ್ ಸದ್ಯಕ್ಕೆ ತರಬೇಡಿ. ಮೊದಲು ಆ ಕೋಣೆಯ ಪ್ಲಾಸ್ಟಿಕ್ ತೆಗೆಸಿ.

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನ ಗಣಿತ ಮಾಸ್ತರ. ಕಂಪ್ಯೂಟರ್ ಡಿಗ್ರಿ ಇಲ್ಲ. ಬಿಎಸ್ಸಿ, ಬಿಎಡ್, ಅಷ್ಟೇ. ನಮ್ಮಲ್ಲೂ ಇಂಥದೇ ಕೋಣೆ ಇತ್ತು. ಅರ್ಧಕ್ಕರ್ಧ ಮಷೀನು ಸತ್ತಿವೆ ಅಂತ ಎಲ್ಲರೂ ನಂಬಿದ್ದರು. ಸ್ವಿಚ್ ಹಾಕಿದರೆ ಪರದೆ ಕಪ್ಪು, ಒಳಗಿಂದ ಪೀಂ ಪೀಂ ಸದ್ದು. ಆ ಸದ್ದು ಬಂದರೆ ಖುಷಿ ಪಡಬೇಕು, ಮದರ್‌ಬೋರ್ಡ್ ಇನ್ನೂ ಬದುಕಿದೆ ಅಂತ ಅರ್ಥ. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ರ‍್ಯಾಮ್ ಅನ್ನೋ ಮೆಮರಿ ಪಟ್ಟಿಯನ್ನು ಹೊರಗೆ ತೆಗೆಯಿರಿ. ಅದರ ಅಂಚಿನಲ್ಲಿ ಹಳದಿ ಹಲ್ಲುಗಳಿರುತ್ತವೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಅನ್ನುವ ಹಾಗೆ ವಾಪಸ್ ಕೂರಿಸಿ. ಎಷ್ಟೋ ಮಷೀನು ಅಷ್ಟಕ್ಕೇ ಏಳುತ್ತವೆ. ಇನ್ನು ಕೆಲವು ಎದ್ದ ಮೇಲೆ ತಾರೀಖು ಮರೆತಿರುತ್ತವೆ. ಹತ್ತು ಹದಿನೈದು ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ, ಆ ದಿನಾಂಕ ಇಟ್ಟುಕೊಂಡು ಯಾವ ವೆಬ್‌ಸೈಟ್ ತೆಗೆದರೂ ಸುರಕ್ಷಿತವಲ್ಲ ಅಂತ ಅಡ್ಡ ಬರುತ್ತೆ. ಇಂಟರ್ನೆಟ್ ಕೆಟ್ಟಿದೆ ಅಂತ ಜನ ತಿಳಿಯುತ್ತಾರೆ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಬದಲಿಸಿದರೆ ಮುಗಿಯಿತು. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತೆ, ಸಿಆರ್ 2032 ಅಂತ ಕೇಳಿ.

ಈ ಕೆಲಸವನ್ನು ಮಕ್ಕಳ ಮುಂದೆಯೇ ಮಾಡಿ. ನಮ್ಮಲ್ಲಿ ಒಂಬತ್ತನೇ ಕ್ಲಾಸಿನವರೇ ರಬ್ಬರ್ ಉಜ್ಜಿದ್ದು. ಅಲ್ಲಿಂದ ಆ ಮಷೀನು ಅವರದು. ಹೆಡ್‌ಮಾಸ್ಟರಿಗೆ ಹಾಳಾದೀತು ಅನ್ನೋ ಭಯ ಇರುತ್ತೆ, ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಸಹಿ ಇರುತ್ತೆ ನೋಡ್ರಿ, ಅದು ಸುಳ್ಳು ಭಯ ಅಲ್ಲ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಸಾಲು ಠರಾವು ಬರೆಸಿಕೊಳ್ಳಿ, ರಿಪೇರಿಗೆ ಹಳೆ ವಿದ್ಯಾರ್ಥಿಗಳ ಗುಂಪು ಜವಾಬ್ದಾರಿ ಅಂತ. ಬೀಗದ ಕೈ ಸಡಿಲ ಆಗುತ್ತೆ.

ಹಳೆ ಮಷೀನಿಗೆ ಹೊಸ ವಿಂಡೋಸ್ ಹೇರಬೇಡಿ. ಲುಬುಂಟು ಅನ್ನೋ ಹಗುರವಾದ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ, ಎರಡು ಜಿಬಿ ರ‍್ಯಾಮ್ ಇದ್ದರೂ ಓಡುತ್ತೆ. ಹಾರ್ಡ್ ಡಿಸ್ಕ್ ತೆಗೆದು ಚಿಕ್ಕ ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಹಾಕಿಸಿದರೆ ಇನ್ನೂ ಚುರುಕು. ನಿಮ್ಮ ನಾಲ್ಕು ಲಕ್ಷದಲ್ಲಿ ಇದಕ್ಕೆ ಹೋಗೋದು ಚಿಲ್ಲರೆ.

ಈಗ ಮುಖ್ಯ ವಿಷಯ. ಎಷ್ಟು ಮಷೀನು ಅನ್ನೋ ಲೆಕ್ಕ ಬಿಡಿ, ಕೀಬೋರ್ಡ್ ಮೇಲೆ ಯಾರ ಕೈ ಇದೆ ಅಂತ ನೋಡಿ. ಒಂದು ಮಷೀನಿಗೆ ಮೂವರು ಕೂತರೆ ಏನಾಗುತ್ತೆ ಗೊತ್ತಾ? ಮೊಬೈಲ್ ಹಿಡಿದು ರೂಢಿ ಇರುವ ಹುಡುಗ ಮೌಸ್ ಹಿಡಿಯುತ್ತಾನೆ. ಪಕ್ಕದವನು "ಅದನ್ನ ಒತ್ತೋ, ಇದನ್ನ ಒತ್ತೋ" ಅನ್ನುತ್ತಾನೆ. ಮೂರನೆಯವಳು ನೋಟ್ಸ್ ಬರೆದುಕೊಳ್ಳುತ್ತಾಳೆ. ಅಕ್ಷರ ದುಂಡಗಿದೆ ಅಂತ ಅವಳಿಗೇ ಬರೆಯೋ ಕೆಲಸ. ವರ್ಷ ಮುಗಿದರೂ ಅವಳು ಮೌಸ್ ಮುಟ್ಟಿರೋದಿಲ್ಲ, ನಮ್ಮ ರಿಪೋರ್ಟಿನಲ್ಲಿ ಮಾತ್ರ ಫಲಾನುಭವಿ.

ಇದು ನಮ್ಮ ಶಾಲೆಯ ಕತೆ ಮಾತ್ರ ಅಲ್ಲ. 2024ರ ಅಸರ್ ಅನ್ನೋ ಗ್ರಾಮೀಣ ಶಿಕ್ಷಣ ಸಮೀಕ್ಷೆಯಲ್ಲಿ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತೆ. ಆದರೆ ಬಳಸಲು ಬರುವವರಲ್ಲಿ ಸ್ವಂತ ಫೋನ್ ಇರುವ ಹುಡುಗರು 36.2%, ಹುಡುಗಿಯರು 26.9%. ಮನೆಯಲ್ಲಿ ಶುರುವಾದ ಆ ಅಂತರ ಲ್ಯಾಬಿನ ಬೆಂಚಿಗೂ ಬರುತ್ತೆ. ಅದಕ್ಕೇ ನಮ್ಮಲ್ಲಿ ಮಷೀನಿಗೆ ಇಬ್ಬರೇ. ಮೌಸ್ ಹಿಡಿದವರು ಬಾಯಿ ಬಿಡಬಾರದು, ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು. ಗಂಟೆ ಬಾರಿಸಿದ ಕೂಡಲೇ ಅದಲು ಬದಲು. ಹುಡುಗಿಯರ ಜೋಡಿ ಬೇರೆ, ಹುಡುಗರ ಜೋಡಿ ಬೇರೆ. ಕ್ಲಾಸು ಶನಿವಾರ ಬೆಳಗಿನ ಶಾಲೆಯಲ್ಲಿ. ಸಂಜೆ ಇಟ್ಟರೆ ಹುಡುಗಿಯರು ನಿಲ್ಲುವುದಿಲ್ಲ, ನೀರು, ದನ, ತಮ್ಮ ತಂಗಿ ಎಲ್ಲಾ ಅವರ ತಲೆ ಮೇಲೆ. ಉಳಿದ ಅರ್ಧ ಕ್ಲಾಸು ಅದೇ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಇರುತ್ತೆ, ಅಲ್ಲೂ ಕಂಪ್ಯೂಟರ್ ಪಾಠವೇ, ಕಂಪ್ಯೂಟರ್ ಇಲ್ಲದೆ.

ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಅವರ ಜೊತೆಯವರು 1990ರ ದಶಕದಲ್ಲಿ ಶುರು ಮಾಡಿದ ಸಿಎಸ್ ಅನ್‌ಪ್ಲಗ್ಡ್ ಅಂತ ಇದೆ. ಪುಸ್ತಕ, ಆಟ ಎಲ್ಲಾ ಉಚಿತ. ಐದು ರಟ್ಟಿನ ಚೀಟಿ ಮಾಡಿ, 16, 8, 4, 2, 1 ಅಂತ ಚುಕ್ಕಿ ಹಾಕಿ, ಐದು ಮಕ್ಕಳ ಕೈಗೆ ಕೊಡಿ. 19 ಅಂದ ಕೂಡಲೇ 16, 2, 1 ಇರುವವರು ಚುಕ್ಕಿ ಕಾಣುವ ಹಾಗೆ ಹಿಡಿಯಬೇಕು, ಉಳಿದವರು ಮಗುಚಬೇಕು. ಬೋರ್ಡಿನಲ್ಲಿ 10011 ಅಂತ ಬರೆದರೆ ಸರಿ, ಬೈನರಿ, ಅಂದರೆ ಸೊನ್ನೆ ಮತ್ತು ಒಂದರಲ್ಲೇ ಬರೆಯುವ ಸಂಖ್ಯೆ, ಬಂತು. ಪುಸ್ತಕದಲ್ಲಿ ಇಷ್ಟಕ್ಕೆ ನಿಲ್ಲುತ್ತೆ. ನಾನು ಮುಂದಿನ ಪ್ರಶ್ನೆ ಕೇಳುತ್ತೇನೆ: ನಮ್ಮ ವರ್ಣಮಾಲೆಯ 49 ಅಕ್ಷರಕ್ಕೆ ಒಂದೊಂದು ಗುರುತಿನ ಸಂಖ್ಯೆ ಕೊಡಬೇಕು, ಐದು ಚೀಟಿ ಸಾಕಾ? ಐದರಲ್ಲಿ ಸೊನ್ನೆಯಿಂದ 31ರ ತನಕ, 32 ಬಗೆ ಮಾತ್ರ. ಇಂಗ್ಲಿಷಿನ 26ಕ್ಕೆ ಸಾಕು, ನಮಗೆ ಆರು ಬೇಕು. "ಕಾಗುಣಿತಕ್ಕೆ ಏನು ಮಾಡೋದು ಸರ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆ ಪ್ರಶ್ನೆ ಬಂದ ದಿನ ನನ್ನ ಪಾಠ ಗೆದ್ದ ಹಾಗೆ.

ಮಷೀನಿನ ಮುಂದೆ ಕೂತವರಿಗೆ ಸ್ಕ್ರ್ಯಾಚ್. ಎಂಐಟಿಯ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದದ್ದು, ಉಚಿತ, ಬ್ಲಾಕುಗಳನ್ನು ಎಳೆದು ಜೋಡಿಸಿದರೆ ಪ್ರೋಗ್ರಾಮ್. ಹಳೆಯ 1.4 ಆವೃತ್ತಿ ಇಂಥ ಮಷೀನಿಗೆ ಹಗುರ. ಇಂಟರ್ನೆಟ್ಟೂ ಬೇಡ. ಬೆಕ್ಕು ನಡೆಸೋದು ಒಂದು ದಿನಕ್ಕೆ ಸಾಕು, ಆಮೇಲೆ ಬೇಜಾರು. ನಾನು ಚೌಕಾಬಾರ ಮಾಡಿಸುತ್ತೇನೆ.

ಮನೆ ಎಳೆಯೋದು ಸುಲಭ. ಕವಡೆ ಹಾಕೋದರಲ್ಲಿ ಮಜಾ ಇದೆ. ಮಕ್ಕಳು ಮೊದಲು 1ರಿಂದ 4ರ ತನಕ ಯಾವುದಾದರೂ ಒಂದು ಸಂಖ್ಯೆ ಬರಲಿ ಅನ್ನೋ ಬ್ಲಾಕ್ ಹಾಕುತ್ತಾರೆ. ಒಂದಷ್ಟು ಹೊತ್ತು ಆಡಿದ ಮೇಲೆ ಒಬ್ಬಳು ಅಂದಳು, "ಸರ, ಇದು ಸುಳ್ಳಾಟ. ಚೌಕ ಇಷ್ಟು ಸಲ ಬೀಳೂದಿಲ್ಲ." ಅವಳಜ್ಜಿ ಜೊತೆ ದಿನಾ ಆಡೋಳು, ಗೊತ್ತಾಗದೆ ಇರುತ್ತಾ? ಸರಿ, ಹಾಗಾದರೆ ನಿಜವಾದ ಕವಡೆ ಏನು ಮಾಡುತ್ತೆ ಅಂತ ನೋಡೋಣ ಅಂತ ನಾಲ್ಕು ಕವಡೆ ಬಿಡಿಬಿಡಿಯಾಗಿ ಬರೆದೆವು. ಒಂದೊಂದಕ್ಕೂ ಮಗುಚಿದರೆ ಸೊನ್ನೆ, ಇಲ್ಲದಿದ್ದರೆ ಒಂದು. ನಾಲ್ಕನ್ನೂ ಕೂಡಿಸಿದರೆ ಬಿದ್ದ ಗರ, ಮೊತ್ತ ನಾಲ್ಕು ಬಂದರೆ ಚೌಕ. ಮೊತ್ತ ಸೊನ್ನೆ ಬಂದರೆ ಎಲ್ಲಾ ಮಗುಚಿವೆ, ಅಂದರೆ ಬಾರ, ಎಂಟು ಮನೆ. ಈಗ ಸಾವಿರ ಸಲ ಹಾಕಿಸಿ ಎಣಿಸು ಅಂದೆ. ಎರಡು ಎಲ್ಲಕ್ಕಿಂತ ಜಾಸ್ತಿ, ಚೌಕ ಮತ್ತು ಬಾರ ಅಪರೂಪ. ಕಾಗದದ ಮೇಲೆ ಬರೆದು ನೋಡಿದರೂ ಹಾಗೇ: ಹದಿನಾರು ಬಗೆಯಲ್ಲಿ ಎರಡು ಬೀಳುವುದು ಆರು ಬಗೆ, ಚೌಕ ಒಂದೇ, ಬಾರ ಒಂದೇ. ಎಸ್ಸೆಸ್ಸೆಲ್ಸಿಯ ಸಂಭವನೀಯತೆ ಪಾಠ ಅಲ್ಲೇ ಮುಗಿಯಿತು. ನಿಜವಾದ ಕವಡೆ ಎರಡೂ ಕಡೆ ಸಮ ಬೀಳೂದಿಲ್ಲ ಅಂತ ಆ ಹುಡುಗಿ ಮತ್ತೆ ತಕರಾರು ತೆಗೆದಳು. ಮನೆಯಿಂದ ಕವಡೆ ತಂದು ಎಣಿಸು ಅಂದಿದ್ದೇನೆ.

ನೀವು ಕೇಳಿದಿರಲ್ಲ, ನಿಜವಾದ ಕಂಪ್ಯೂಟರ್ ವಿಜ್ಞಾನ ಸಾಧ್ಯವಾ ಅಂತ. ಇದಕ್ಕಿಂತ ನಿಜವಾದದ್ದು ನನಗೆ ಗೊತ್ತಿಲ್ಲ.

ಕಲಿಸೋರು ಯಾರು ಅನ್ನೋದಕ್ಕೆ ಉತ್ತರ ಶಾಲೆಯ ಒಳಗೇ ಇದೆ. ಹಿಂದೆ ಸರ್ಕಾರಿ ಹೈಸ್ಕೂಲಿಗೆ ಕಂಪ್ಯೂಟರ್ ಕೊಡುವ ಮಾಹಿತಿ ಸಿಂಧು ಯೋಜನೆ ಬಂತು, ಆಮೇಲೆ ಅಂಥದೇ ಐಸಿಟಿ ಯೋಜನೆ ಬಂತು. ಕಂಪನಿಯವರು ಮಷೀನು ಹಾಕಿ, ಒಬ್ಬ ಹುಡುಗನನ್ನು ಕಳಿಸಿ, ಅವಧಿ ಮುಗಿದ ಮೇಲೆ ಶಾಲೆಗೆ ಒಪ್ಪಿಸಿ ಹೋಗುವ ಮಾದರಿ ಅದು. ಆ ಹುಡುಗ ಇರುವ ತನಕ ಮೇಷ್ಟ್ರುಗಳು ಆ ಕೋಣೆಗೆ ಕಾಲಿಡಲಿಲ್ಲ, ಹೋದ ಮೇಲೆ ಇಡಲು ಧೈರ್ಯ ಇರಲಿಲ್ಲ. ನಂತರದ ಟಾಲ್ಪ್ (ತಂತ್ರಜ್ಞಾನದ ನೆರವಿನ ಕಲಿಕೆ) ತರಬೇತಿಯಲ್ಲಿ ವಿಷಯ ಶಿಕ್ಷಕರನ್ನೇ ಕೂರಿಸಿ ಕಲಿಸಿದರು, ಜಿಯೋಜೀಬ್ರಾ ಅನ್ನೋ ಗಣಿತದ ತಂತ್ರಾಂಶ ನಾನು ಕಲಿತದ್ದು ಅಲ್ಲೇ. ಕೋಯರ್ ಅನ್ನೋ ಕರ್ನಾಟಕದ ಮುಕ್ತ ಪಾಠಗಳ ಜಾಲತಾಣದಲ್ಲಿ ಕನ್ನಡದ ಸಾಮಗ್ರಿ ಈಗಲೂ ಸಿಗುತ್ತೆ. ನಿಮ್ಮ ಶಾಲೆಯಲ್ಲೂ ಆಸಕ್ತಿ ಇರುವ ಒಬ್ಬರು ಇದ್ದೇ ಇರುತ್ತಾರೆ, ಹೆಚ್ಚಾಗಿ ಗಣಿತ ಅಥವಾ ವಿಜ್ಞಾನದವರು. ಅವರನ್ನು ಹುಡುಕಿ.

ಆಮೇಲೆ ನೀವು ಮಾಡಬೇಕಾದ್ದು ಒಂದೇ. ಫೋನ್ ಎತ್ತಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಮೂವತ್ತು ಮಕ್ಕಳ ಮುಂದೆ ಪರದೆ ನೀಲಿಯಾಗಿ ನಿಂತಾಗ ಆ ಮೇಷ್ಟ್ರು ಯಾರಿಗೆ ಕೇಳಬೇಕು? "ಇಷ್ಟೂ ಗೊತ್ತಿಲ್ವಾ" ಅನ್ನದೆ ಉತ್ತರ ಹೇಳುವ ಒಬ್ಬ ಹಳೆ ವಿದ್ಯಾರ್ಥಿ ಇದ್ದರೆ ಆ ಲ್ಯಾಬು ನಡೆಯುತ್ತೆ. ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು ಪಿಪಿಟಿ ತೋರಿಸಿ, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಹೋಗುವವರು ನಮಗೆ ಬೇಕಾದಷ್ಟು ಸಿಕ್ಕಿದ್ದಾರೆ. (ನಿಮ್ಮನ್ನು ಅಂದದ್ದಲ್ಲ ಸರ್.)

ಕುಂಬಳೆ ಟೀಚರ್

ಮೇಷ್ಟ್ರು ಹೇಳಿದ್ದಕ್ಕೆ ಗಡಿಯ ಆಚೆಯಿಂದ ಒಂದು ಮಾತು ಸೇರಿಸುತ್ತೇನೆ. ನಾನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಜೊತೆಗೆ ಐಟಿ ಕೂಡ.

ನಮ್ಮಲ್ಲಿ ಐಟಿ ಅಂದರೆ ಹೆಚ್ಚುವರಿ ಕ್ಲಾಸಲ್ಲ, ಒಂದು ವಿಷಯ. ಟೈಮ್‌ಟೇಬಲಿನಲ್ಲಿ ಪೀರಿಯಡ್ ಇದೆ, ಕನ್ನಡದಲ್ಲಿ ಅಚ್ಚಾದ ಪಠ್ಯಪುಸ್ತಕ ಇದೆ, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಕಂಪ್ಯೂಟರಿನ ಮುಂದೆಯೇ ನಡೆಯುತ್ತದೆ. ಪರೀಕ್ಷೆ ಇದೆ ಅಂದ ಮೇಲೆ ಕೋಣೆಗೆ ಬೀಗ ಹಾಕಲಿಕ್ಕೆ ಆಗುವುದಿಲ್ಲ, ಅಷ್ಟೇ ಗುಟ್ಟು. ಕೇರಳದಲ್ಲಿ ಐಟಿ@ಸ್ಕೂಲ್ ಅಂತ 2001ರಲ್ಲಿ ಶುರುವಾದ ಸರ್ಕಾರಿ ಯೋಜನೆ 2017ರಲ್ಲಿ ಕೈಟ್ ಅನ್ನುವ ಸರ್ಕಾರಿ ಕಂಪನಿ ಆಯಿತು. ಬೇರೆ ಕಂಪ್ಯೂಟರ್ ಟೀಚರನ್ನು ನೇಮಿಸಲಿಲ್ಲ. ನಮ್ಮಂಥವರಿಗೇ ರಜೆಯಲ್ಲಿ ತರಬೇತಿ. ಶಾಲೆಗೊಬ್ಬರು ಎಸ್‌ಐಟಿಸಿ (ಶಾಲೆಯ ಐಟಿ ಸಂಯೋಜಕರು) ಅಂತ, ಅವರ ಹತ್ತಿರ ಲ್ಯಾಬಿನ ಪೂರ್ತಿ ಹೊಣೆ. ಎಲ್ಲಾ ಉಬುಂಟು ಆಧಾರದ ಸ್ವತಂತ್ರ ತಂತ್ರಾಂಶ, ಲೈಸೆನ್ಸ್ ತಲೆಬಿಸಿ ಇಲ್ಲ. ಕ್ಯೂಜಿಐಎಸ್‌ನಲ್ಲಿ ಮಕ್ಕಳು ನಕ್ಷೆ ಮಾಡುತ್ತಾರೆ. ನಾನು ಸಮಾಜ ವಿಜ್ಞಾನದವಳಾದ್ದರಿಂದ ನನಗೆ ಅದೇ ಇಷ್ಟ. ಊರಿನ ತೋಡು, ಸುರಂಗ, ಕೆರೆ ಎಲ್ಲಾ ಗುರುತು ಹಾಕಿಸುತ್ತೇನೆ. ನಮ್ಮ ಕಡೆ ಗುಡ್ಡ ಕೊರೆದು ನೀರು ತೆಗೆಯುವ ಸುರಂಗ ಇದೆಯಲ್ಲ, ಅದು ಯಾವ ಸಿದ್ಧ ನಕ್ಷೆಯಲ್ಲೂ ಸಿಗುವುದಿಲ್ಲ. ಅಜ್ಜಂದಿರನ್ನು ಕೇಳಿಯೇ ಆಗಬೇಕು.

2018ರಲ್ಲಿ ಲಿಟ್ಲ್ ಕೈಟ್ಸ್ ಬಂತು. ಎನ್‌ಸಿಸಿ ತರಹ ಮಕ್ಕಳ ಕ್ಲಬ್. ಎಂಟನೇ ಕ್ಲಾಸಿನಲ್ಲಿ ಅಭಿರುಚಿ ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತಾರೆ. ಆನಿಮೇಶನ್, ಸ್ಕ್ರ್ಯಾಚ್, ಮೊಬೈಲ್ ಆಪ್ ಮಾಡುವ ಆಪ್ ಇನ್ವೆಂಟರ್, ಎಲೆಕ್ಟ್ರಾನಿಕ್ಸ್ ಬೋರ್ಡ್ ಆದ ಆರ್ಡುಯಿನೋ ಎಲ್ಲಾ ಉಂಟು. ಪ್ರೊಜೆಕ್ಟರ್ ಕೈಕೊಟ್ಟರೆ ಈಗ ನಾನು ಆ ಮಕ್ಕಳನ್ನೇ ಕರೆಯುವುದು.

ಹೊಸದುರ್ಗದವರೇ, ನೀವು ಪರೀಕ್ಷೆ ತರಲಿಕ್ಕಾಗದು. ಆದರೆ ಬೆಬ್ರಾಸ್ ತರಬಹುದು. ಲಿಥುವೇನಿಯಾದಲ್ಲಿ 2004ರಲ್ಲಿ ಹುಟ್ಟಿದ ಸ್ಪರ್ಧೆ. ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ, ಒಗಟಿನ ಹಾಗಿನ ಪ್ರಶ್ನೆಗಳು. ಭಾರತದಲ್ಲಿ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಇಂಡಿಯಾದ ಸಿಎಸ್‌ಪಾಠಶಾಲಾದವರು ವರ್ಷ ವರ್ಷ ಉಚಿತವಾಗಿ ನಡೆಸುತ್ತಾರೆ. ಕ್ಯಾಲೆಂಡರಿನಲ್ಲಿ ಒಂದು ತಾರೀಖು ಗುರುತಾದರೆ ಶಾಲೆ ತಾನಾಗಿ ಎಚ್ಚರ ಆಗುತ್ತದೆ.

ನೇರಮಾತು

ಬೇಸರ ಮಾಡ್ಕೋಬೇಡಿ, ಎಲ್ಲಾ ಕೇಳೋಕೆ ಚೆನ್ನಾಗಿದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಭಾಗಾಕಾರ ಬರಲ್ಲ, ಇಂಗ್ಲಿಷ್ ಒಂದು ಸಾಲು ಓದೋಕೆ ಬರಲ್ಲ. ಕೋಡ್ ಪೂರ್ತಿ ಇಂಗ್ಲಿಷ್. ಮೊದಲು ಇಂಗ್ಲಿಷ್ ಕಲಿಸಿ. ಅಲ್ಲದೆ ಈಗ ಎಐ ಬಂದು ಕೋಡ್ ಅದೇ ಬರೆಯುತ್ತೆ, ಬೆಂಗಳೂರಲ್ಲಿ ಇಂಜಿನಿಯರುಗಳೇ ಕೆಲಸಕ್ಕೆ ಪರದಾಡ್ತಿದಾರೆ. ಆ ನಾಲ್ಕು ಲಕ್ಷಕ್ಕೆ ಒಂದು ಒಳ್ಳೆ ಶೌಚಾಲಯ ಕಟ್ಟಿಸಿ, ಹೆಣ್ಣುಮಕ್ಕಳು ಶಾಲೆಗೆ ಬರ್ತಾರೆ.

ಕುಷ್ಟಗಿ ಗಣಿತ ಮೇಷ್ಟ್ರು

ಶೌಚಾಲಯ ಇಲ್ಲದಿದ್ದರೆ ಮೊದಲು ಅದನ್ನೇ ಕಟ್ಟಿಸಿ. ಆ ಮಾತಿಗೆ ನನ್ನದು ಎರಡು ಮಾತಿಲ್ಲ. ಹೊಸದುರ್ಗದ ಸರ್, ಹೆಡ್‌ಮಾಸ್ಟರನ್ನು ಬಿಟ್ಟು ಹುಡುಗಿಯರನ್ನು ಕೇಳಿ, ನೀರು ಬರುತ್ತಾ ಅಂತ.

ಇಂಗ್ಲಿಷ್ ವಿಷಯಕ್ಕೆ ಬರ್ತೀನಿ. ಪೈಥಾನ್ ಭಾಷೆಯಲ್ಲಿ ಕಾಯ್ದಿಟ್ಟ ಪದಗಳು, ಅಂದರೆ ಭಾಷೆ ತನಗೇ ಅಂತ ಇಟ್ಟುಕೊಂಡ ಪದಗಳು, ಒಟ್ಟು 35. ಅದರಲ್ಲಿ ನಮ್ಮ ಮಕ್ಕಳಿಗೆ ಬೇಕಾಗೋದು ಹತ್ತು ಹನ್ನೆರಡು. ಕ್ರಿಕೆಟ್ಟಿನಲ್ಲಿ ಇದಕ್ಕಿಂತ ಜಾಸ್ತಿ ಇಂಗ್ಲಿಷ್ ಪದ ಅವರ ಬಾಯಲ್ಲಿವೆ. ಉಳಿದದ್ದೆಲ್ಲಾ ನಾವಿಡುವ ಹೆಸರು. ಪೈಥಾನ್ 3ರಲ್ಲಿ ಆ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಅಂಕ, ಮೊತ್ತ, ಸರಾಸರಿ ಅಂತ ಬರೆದರೂ ಓಡುತ್ತೆ. ಒಂದು ಕಡೆ ಮಾತ್ರ ಕಾಲು ಸಿಕ್ಕಿಕೊಳ್ಳುತ್ತೆ: 'ರ‍್ಯಾಂಕ್' ಅಂತ ಹೆಸರಿಟ್ಟರೆ ತಪ್ಪು ಅನ್ನುತ್ತೆ. ಆ ರ‍್ಯಾ ಮೂಡಿಸಲು ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆ ಒಳಗೆ ಸೇರಿರುತ್ತೆ, ಪೈಥಾನ್ ಅದನ್ನು ಹೆಸರಿನಲ್ಲಿ ಒಪ್ಪೋದಿಲ್ಲ. ಸ್ಥಾನ ಅಂತ ಇಡಿ, ತೊಂದರೆ ಇಲ್ಲ. ಕನ್ನಡ ಅಂಕಿಯಲ್ಲಿ ೪೨ ಅಂತ ಟೈಪ್ ಮಾಡಿಸಿಕೊಂಡು ಅದನ್ನು ಸಂಖ್ಯೆ ಮಾಡು ಅಂದರೆ ಮಾತ್ರ ನೆಟ್ಟಗೆ ಮಾಡುತ್ತೆ.

ಥಾನಿ ಅಂತ ಒಂದು ತಂತ್ರಾಂಶ ಇದೆ, ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದ್ದು, ಪೈಥಾನ್ ಕಲಿಯೋರಿಗಂತಲೇ ಮಾಡಿದ್ದು. ಒಂದೊಂದೇ ಹೆಜ್ಜೆ ನಿಲ್ಲಿಸಿ ಒಳಗೆ ಏನಾಗ್ತಿದೆ ತೋರಿಸುತ್ತೆ. ಅದರಲ್ಲಿ ಒಂದು ದಿನ 'ಕನ್ನಡ' ಅನ್ನೋ ಪದಕ್ಕೆ ಎಷ್ಟು ಅಕ್ಷರ ಅಂತ ಕೇಳಿದೆ. ಮಕ್ಕಳು ಮೂರು ಅಂದರು. ಕಂಪ್ಯೂಟರ್ ಐದು ಅಂದಿತು. ಕ್ಲಾಸಿನಲ್ಲಿ ಗದ್ದಲವೋ ಗದ್ದಲ. ಬಿಡಿಸಿ ಪ್ರಿಂಟ್ ಮಾಡಿದರೆ ಕ, ನ, ಒಂದು ಅರ್ಧಚಿಹ್ನೆ, ಮತ್ತೆ ನ, ಆಮೇಲೆ ಡ. ಕಟ್ಟೆಯ ಮೇಲೆ "ಕಾಗುಣಿತಕ್ಕೆ ಏನು ಮಾಡೋದು" ಅಂತ ಕೇಳಿದ್ದರಲ್ಲ, ಅವರಿಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಈ ಪ್ರಶ್ನೆ ಹುಟ್ಟೋದೇ ಇಲ್ಲ, ಅವರ ಅಕ್ಷರ ಒಂದಕ್ಕೊಂದು ಅಂಟಿಕೊಳ್ಳಲ್ಲ.

ಭಾಗಾಕಾರ ಬರೋದಿಲ್ಲ ಅಂದಿರಿ. ಹೌದು, ಕೆಲವರಿಗೆ ಬರೋದಿಲ್ಲ. ಶೇಷ ಅಂದರೆ ಏನು ಅಂತ ಎಷ್ಟು ಹೇಳಿದರೂ ತಲೆಗೆ ಹೋಗದ ಹುಡುಗ, ಚೌಕಾಬಾರದಲ್ಲಿ ನಾಲ್ವರ ಸರದಿ ತಿರುಗಿಸಲು ಶೇಷ ಬೇಕು ಅಂದಾಗ ತಾನೇ ಕೂತು ಕಲಿತ. ಎಲ್ಲರೂ ಕಲಿಯುತ್ತಾರೆ ಅಂತ ನಾನು ಹೇಳುತ್ತಿಲ್ಲ.

ಎಐ ಬಗ್ಗೆ: ಅದು ಬರೆದುಕೊಟ್ಟ ಚೌಕಾಬಾರದಲ್ಲಿ ಚೌಕ ಜಾಸ್ತಿ ಬೀಳ್ತಿದೆ ಅಂತ ಹೇಳೋರು ಒಬ್ಬರು ಬೇಕಲ್ರೀ?

ಅರಿವು ಕೇಂದ್ರದಿಂದ

ನಾನು ಮದ್ದೂರು ಕಡೆಯ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ನೀವೆಲ್ಲಾ ಶಾಲೆಯ ಒಳಗಿನ ಮಾತೇ ಆಡ್ತಿದೀರಿ. ಶಾಲೆ ಸಂಜೆ ಬಿಟ್ಟ ಮೇಲೆ, ಬೇಸಿಗೆ ರಜೆಯಲ್ಲಿ, ಆ ಲ್ಯಾಬು ಯಾರಿಗೆ? ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತಿರೋ ಹುಡುಗಿಗೆ ಯಾವ ಲ್ಯಾಬು?

ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಅರಿವು ಕೇಂದ್ರ ಅಂತಾರೆ. ನಮ್ಮಲ್ಲಿ ಎರಡು ಕಂಪ್ಯೂಟರ್ ಇವೆ. ಗಂಡುಮಕ್ಕಳು ಗೇಮ್ ಆಡೋಕೆ ಬರ್ತಾರೆ, ಓಡಿಸಲ್ಲ, ಅರ್ಧ ಗಂಟೆ ಕೊಡ್ತೀನಿ. ಹೆಣ್ಣುಮಕ್ಕಳು ತಮ್ಮನ್ನ ಕಂಕುಳಲ್ಲಿ ಎತ್ಕೊಂಡು ಬರ್ತಾರೆ. ತಮ್ಮನಿಗೆ ಚಿತ್ರದ ಪುಸ್ತಕ ಕೊಟ್ಟು ಒಂದು ಮೂಲೆಯಲ್ಲಿ ಕೂರಿಸಿದರೆ ಅಕ್ಕನ ಕೈ ಖಾಲಿ.

ಒಬ್ಬ ಹುಡುಗಿ, ಫಸ್ಟ್ ಪಿಯುಸಿ, ಕಾಮರ್ಸ್. ಮನೇಲಿ ಎರಡು ಸೀಮೆಹಸು. ಡೇರಿ ಚೀಟಿಗಳ ಕಟ್ಟು ತಂದಿದ್ದಳು. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಗಟ್ಟಿ ಅಂಶ) ಎಲ್ಲಾ ಎಕ್ಸೆಲ್ ತರಹದ ಉಚಿತ ಲಿಬ್ರೆ ಆಫೀಸಿನಲ್ಲಿ ಸಾಲು ಸಾಲಾಗಿ ಹಾಕಿ, ಫ್ಯಾಟ್ ಇಷ್ಟಕ್ಕಿಂತ ಕಮ್ಮಿ ಇದ್ದರೆ ಆ ಸಾಲು ಕೆಂಪಾಗಲಿ ಅಂತ ಸೂತ್ರ ಬರೆದಳು. ಯಾರೂ ಹೇಳಿಕೊಟ್ಟದ್ದಲ್ಲ, ಹೆಲ್ಪ್ ಪುಟ ನೋಡ್ಕೊಂಡು. ಕೆಂಪು ಸಾಲು ನೋಡಿದರೆ ಎಲ್ಲಾ ಸಂಜೆ ಹಾಲು, ಅದೂ ಒಂದೇ ಹಸುವಿನ ಹಾಲು ಹಾಕಿದ ದಿನಗಳು. ಈಗ ಅವರಪ್ಪ ಆ ಹಸುವಿಗೆ ಹಿಂಡಿ ಬದಲಾಯಿಸಿದಾರೆ. ಹೊಸದುರ್ಗದವರು ಎಕ್ಸೆಲ್ ಬಿಟ್ಟು ಅಂದ್ರಲ್ಲ, ಅದಕ್ಕೇ ಹೇಳ್ದೆ. ಎಕ್ಸೆಲ್ ಅಂದರೆ ಕೀಳಲ್ಲ.

ನಿಮ್ಮೂರ ಪಂಚಾಯಿತಿ ಲೈಬ್ರರಿಗೂ ಒಂದೆರಡು ಮಷೀನು ಕೊಡಿ. ಆ ಮೇಲ್ವಿಚಾರಕರಿಗೂ ನಿಮ್ಮ ಫೋನ್ ನಂಬರ್ ಕೊಡಿ. ನಮ್ಮನ್ನ ಯಾರೂ ತರಬೇತಿಗೆ ಕರೆಯೋದು ನೆನಪಿಟ್ಟುಕೊಳ್ಳಲ್ಲ.

ಹೊಸದುರ್ಗದವನು

ಎಲ್ಲರಿಗೂ ಧನ್ಯವಾದ. ನೇರಮಾತು ಅವರೇ, ಶೌಚಾಲಯ ವಿಚಾರಿಸಿದೆ. ಕಟ್ಟಡ ಇದೆ, ಮೋಟರ್ ಸುಟ್ಟು ಹೋಗಿದೆಯಂತೆ. ಅದನ್ನು ಈ ವಾರವೇ ರಿಪೇರಿ ಮಾಡಿಸುತ್ತಿದ್ದೇವೆ, ಅದಕ್ಕೆ ಲಕ್ಷಗಟ್ಟಲೆ ಬೇಕಾಗಿಲ್ಲ.

ಗುಂಪಿನಲ್ಲಿ ಇದನ್ನೆಲ್ಲಾ ಹಾಕಿದೆ. ಇಬ್ಬರು ಮುನಿಸಿಕೊಂಡರು. ಹೊಸ ಲ್ಯಾಬು, ಉದ್ಘಾಟನೆ, ಗೋಡೆಗೆ ಹೆಸರಿನ ಫಲಕ ಅಂತ ಲೆಕ್ಕ ಹಾಕಿದ್ದರು. ಉಳಿದವರು ಒಪ್ಪಿದರು. ವಿಜ್ಞಾನದ ಮೇಡಂ ಒಬ್ಬರು ಕಲಿಯೋಕೆ ತಯಾರಿದ್ದಾರೆ. ಊರಲ್ಲೇ ಬಿಸಿಎ ಮುಗಿಸಿ ಮನೆಯಲ್ಲಿರೋ ಒಬ್ಬ ಹುಡುಗಿಯನ್ನೂ ಅವರ ಜೊತೆ ಸೇರಿಸಿ, ಎರಡು ವರ್ಷ ತಿಂಗಳು ತಿಂಗಳು ಗೌರವಧನ ಕೊಡೋಣ ಅಂತ ಯೋಚನೆ. ಫೋನ್ ಎತ್ತೋ ಕೆಲಸಕ್ಕೆ ನಮ್ಮಲ್ಲಿ ಐದು ಜನರ ಸರದಿ ಪಟ್ಟಿ ಮಾಡಿದ್ದೇವೆ, ವಾರದ ದಿನಕ್ಕೊಬ್ಬರು.

ಮೇಷ್ಟ್ರೇ, ಒಂದು ಉಳಿಯಿತು. ನಮ್ಮೂರಲ್ಲಿ ಬೆಳಗಿನ ಹೊತ್ತು ಕರೆಂಟ್ ಗ್ಯಾರಂಟಿ ಇಲ್ಲ. ಯುಪಿಎಸ್ ಎಷ್ಟು ಕೆವಿಎದು ತಗೊಳ್ಳಲಿ?

ಕುಷ್ಟಗಿ ಗಣಿತ ಮೇಷ್ಟ್ರು

ದೊಡ್ಡ ಯುಪಿಎಸ್ ಬೇಡ ಸರ್. ಎರಡು ಮೂರು ಬೇಸಿಗೆಯಲ್ಲಿ ಬ್ಯಾಟರಿ ಮತ್ತೆ ಉಬ್ಬುತ್ತೆ, ಬದಲಿಸಲು ಶಾಲೆಯ ಹತ್ತಿರ ಹಣ ಇರೋದಿಲ್ಲ, ಕೋಣೆಗೆ ಮತ್ತೆ ಬೀಗ. ಆ ಹಣಕ್ಕೆ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್ ತನ್ನಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಕೊಳ್ಳುವ ಮುಂಚೆ ಚಾರ್ಜರ್ ಕಿತ್ತು ಒಂದು ಪೀರಿಯಡ್ಡಿನಷ್ಟು ಹೊತ್ತು ಓಡಿಸಿ ನೋಡಿ. ಅಷ್ಟು ತಡೆದರೆ ಸಾಕು. ಎಲ್ಲಾ ಒಂದೇ ಮಾಡೆಲ್ ಇರಲಿ. ಒಂದರ ಕೀಬೋರ್ಡ್ ಕೆಟ್ಟರೆ ಇನ್ನೊಂದರದು ಬಿಚ್ಚಿ ಹಾಕಬಹುದು. ಚಾರ್ಜರ್ ಮಾತ್ರ ಎರಡು ಹೆಚ್ಚಿಗೆ ತನ್ನಿ, ಮೊದಲು ಹೋಗೋದು ಅದೇ.